ಅಮ್ಮನ ಪಾಲಿನ ಹಾಲು

ಕಳೆದ ಮಾರ್ಚ್‌ನ ಒಂದು ಭಾನುವಾರ. ಬೆಳಗಿನ ಆರೂಕಾಲು ಗಂಟೆ. ಮೈಸೂರು ಅರಮನೆಯ ಉತ್ತರ ದ್ವಾರದ ಬಳಿ, ಕೋಟೆ ಆಂಜನೇಯಸ್ವಾಮಿ ಗುಡಿಯ ಹತ್ತಿರ ನಿಂತಿದ್ದೆ. ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬಳು ನನ್ನ ಎದೆಗೆ ಬಟ್ಟೆಯ ಫಲಕವೊಂದನ್ನು ಇಟ್ಟು ಬೆನ್ನ ಹಿಂದೆ ಅದರ ಲಾಡಿ ಕಟ್ಟುತ್ತಿದ್ದಳು. "ಬಿಗಿಯಾಯಿತೇ ಮೇಡಂ?" ಎಂದು ಕೇಳಿದಳು. ಇಲ್ಲ ಎಂದೆ. ಕತ್ತು ಬಗ್ಗಿಸಿದರೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಕೆಂಪು ಬಣ್ಣದಲ್ಲಿ ಕುಂಚದಿಂದ ಬರೆದಿದ್ದರು: 'ಕ್ಷಯ ವಾಸಿಯಾಗುತ್ತದೆ. ಊಟವೂ ಔಷಧವೇ.'

ಆ ಮೊದಲ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. 1986ರಲ್ಲಿ ಅಮ್ಮನಿಗೆ ಅದು ಬಂದಾಗ ನನಗೆ ಹತ್ತು ವರ್ಷ, ತಮ್ಮನಿಗೆ ಆರು. ಇರ್ವಿನ್ ರಸ್ತೆಗೆ ಹತ್ತಿರದ ಒಂದು ವಠಾರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಎಂಟು ಸಂಸಾರ, ಒಂದು ನಲ್ಲಿ. ವಿಷಯ ಹೊರಗೆ ಬಿದ್ದರೆ ಮನೆ ಖಾಲಿ ಮಾಡಬೇಕಾಗುತ್ತದೆ ಎಂಬ ಭಯ ಅಪ್ಪನಿಗೆ. ಆದ್ದರಿಂದ ಕೇಳಿದವರಿಗೆಲ್ಲ 'ನಿಶ್ಶಕ್ತಿ' ಎಂದು ಹೇಳುತ್ತಿದ್ದೆವು. ನಮ್ಮ ನಮ್ಮಲ್ಲೇ ಮಾತಾಡುವಾಗಲೂ ಅದು 'ಆ ಕಾಯಿಲೆ' ಮಾತ್ರ. ಅಮ್ಮ ಗುಣವಾದ ಮೇಲೂ, ನಾವು ಆ ವಠಾರ ಬಿಟ್ಟ ಮೇಲೂ, ನನ್ನ ಮದುವೆಯ ಮಾತುಕತೆಯ ಹೊತ್ತಿಗಂತೂ ಇನ್ನೂ ಗಟ್ಟಿಯಾಗಿ, ಆ ಮೌನ ಹಾಗೆಯೇ ಉಳಿಯಿತು. ಈಗ ಅದೇ ಪದವನ್ನು ಎದೆಯ ಮೇಲೆ ಕಟ್ಟಿಕೊಂಡು, ನಾನು ಹುಟ್ಟಿ ಬೆಳೆದ ಊರಿನ ನಡುಬೀದಿಯಲ್ಲಿ ಹೋಗಬೇಕಿತ್ತು. ಕೈ ಬೆವರುತ್ತಿತ್ತು.

ನಡಿಗೆಯನ್ನು ಏರ್ಪಡಿಸಿದ್ದು ನಿವೃತ್ತ ದಾದಿಯರ ಒಂದು ಸಣ್ಣ ಗುಂಪು. ಅವರ ಜೊತೆ ಕೆಲವು ವೈದ್ಯ ವಿದ್ಯಾರ್ಥಿಗಳು. ವಿಶ್ವ ಕ್ಷಯರೋಗ ದಿನದ ಆಸುಪಾಸಿನ ಭಾನುವಾರವನ್ನು ಅವರು ಆರಿಸಿಕೊಂಡಿದ್ದರು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದ್ದರ ನೆನಪಿಗೆ ಆ ದಿನ. ನಡೆಯುವವರು ತಮ್ಮ ಬಂಧುಬಳಗದಿಂದ ಕಿಲೋಮೀಟರಿಗೆ ಇಷ್ಟು ಎಂದು ಹಣ ಬರೆಸಿಕೊಂಡು ಬರಬೇಕು. ಬಂದ ಹಣವೆಲ್ಲ ರೋಗಿಗಳ ಮನೆಗೆ ದಿನಸಿಯಾಗಿ ಹೋಗುತ್ತದೆ. ಪತ್ರಿಕೆಯವರು ಇಂಥದ್ದನ್ನು ಜಾಥಾ ಎಂದು ಬರೆಯುತ್ತಾರೆ. ಹಿರಿಯ ದಾದಿಯೊಬ್ಬರಿಗೆ ಆ ಪದ ಹಿಡಿಸುವುದಿಲ್ಲ. "ನಾವು ಘೋಷಣೆ ಕೂಗುವುದಿಲ್ಲ, ಬರೀ ನಡೆಯುತ್ತೇವೆ" ಎಂದರು.

ಹಣ ಕೇಳಲು ಹೋದಾಗಲೇ ನನಗೆ ಈ ಕೆಲಸ ಎಷ್ಟು ಅಗತ್ಯ ಎಂಬುದು ಅರ್ಥವಾದದ್ದು. ಇಪ್ಪತ್ಮೂರು ಮಂದಿಯನ್ನು ಕೇಳಿದೆ. ಹೆಚ್ಚಿನವರು ಸಂತೋಷದಿಂದಲೇ ಕೊಟ್ಟರು. ಆದರೆ ಯಾವ ಕಾಯಿಲೆಗೆ ಎಂದು ತಿಳಿದ ಕೂಡಲೇ ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೇಳಿದ ಪ್ರಶ್ನೆ ಒಂದೇ: "ಅದು ಈಗಲೂ ಇದೆಯೇ?" ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಜನರಿಗೆ ಹೊಸದಾಗಿ ಕ್ಷಯ ಬಂದಿದೆ. ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ಹೀಗಿದ್ದೂ ಅದು ಅಜ್ಜಿಯ ಕಾಲದ ಕಾಯಿಲೆ ಎಂದು ನಮ್ಮಂಥವರಿಗೆ ಅನ್ನಿಸುವುದಕ್ಕೆ ಕಾರಣ, ಅದು ಯಾರ ಮನೆಯಲ್ಲಿದೆಯೋ ಆ ಮನೆಯವರು ನಾವು ಮಾಡಿದ್ದನ್ನೇ ಮಾಡುತ್ತಿರುವುದು.

ಆರೂವರೆಗೆ ಹೊರಟೆವು. ಇನ್ನೂರು ಜನರಿದ್ದಿರಬಹುದು. ಚಾಮರಾಜ ವೃತ್ತ ದಾಟಿ, ಕೆ.ಆರ್. ವೃತ್ತದಲ್ಲಿ ನಾಲ್ವಡಿಯವರ ಪ್ರತಿಮೆಯನ್ನು ಸುತ್ತಿ, ಸಯ್ಯಾಜಿರಾವ್ ರಸ್ತೆಗೆ ಹೊರಳಿಕೊಂಡೆವು. ದಸರೆಯ ಜಂಬೂಸವಾರಿ ಬರುವ ರಸ್ತೆ ಇದು. ಚಿಕ್ಕವಳಿದ್ದಾಗ ಇದೇ ಪಾದಚಾರಿ ಮಾರ್ಗದಲ್ಲಿ ಬೆಳಗಿನಿಂದ ಜಾಗ ಹಿಡಿದು ಕೂತು ಆನೆ ನೋಡಿದ್ದೆ. ಅಂದು ನೋಡುವವಳಾಗಿದ್ದೆ, ಈಗ ಅಂಗಡಿ ಬಾಗಿಲು ತೆರೆಯುತ್ತಿದ್ದವರು ನನ್ನ ಎದೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರು.

ದೇವರಾಜ ಮಾರುಕಟ್ಟೆಯ ಮುಂದೆ ಮಲ್ಲಿಗೆ, ಸೇವಂತಿಗೆಯ ಮೂಟೆಗಳು ಇಳಿಯುತ್ತಿದ್ದವು. ಬಾಳೆಹಣ್ಣಿನ ಗಾಡಿಯ ಮುದುಕರೊಬ್ಬರು ಫಲಕವನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ನನ್ನ ತಂಗಿಗೂ ಇತ್ತು. ಬದನವಾಳಿನಲ್ಲಿ ಇದ್ದಳು. ಹೋಗಿಬಿಟ್ಟಳು" ಎಂದರು. ಅಷ್ಟೇ. ಮೂರು ತುಂಡು ಮಾತು. ಎಷ್ಟು ವರ್ಷದ ಹಿಂದೆ ಎಂದು ಕೇಳುವಷ್ಟರಲ್ಲಿ ಗಿರಾಕಿ ಬಂದರು. ಮುಂದಿನ ಇನ್ನೂರು ಹೆಜ್ಜೆಗಳಲ್ಲಿ ಇನ್ನಿಬ್ಬರು ಹೀಗೆಯೇ ಹತ್ತಿರ ಬಂದು, ದನಿ ತಗ್ಗಿಸಿ, ತಮ್ಮ ಮನೆಯ ಒಬ್ಬೊಬ್ಬರ ವಿಷಯ ಹೇಳಿದರು. ದುಡ್ಡನ್ನು ಮನೆಯಲ್ಲೇ ಕೂತು ಕೊಡಬಹುದಲ್ಲ, ಬಿಸಿಲಿನಲ್ಲಿ ಯಾಕೆ ನಡೆಯಬೇಕು ಎಂದು ನನ್ನ ತಮ್ಮ ಹಿಂದಿನ ರಾತ್ರಿ ಕೇಳಿದ್ದ. ಅವನಿಗೆ ಆಗ ಸರಿಯಾದ ಉತ್ತರ ಹೇಳಲು ಆಗಿರಲಿಲ್ಲ.

ಆಯುರ್ವೇದ ಆಸ್ಪತ್ರೆಯ ವೃತ್ತದಲ್ಲಿ ಎಡಕ್ಕೆ ತಿರುಗಿದರೆ ಇರ್ವಿನ್ ರಸ್ತೆ. ಕೆ.ಆರ್. ಆಸ್ಪತ್ರೆಯ ಕಾಂಪೌಂಡಿನ ಉದ್ದಕ್ಕೂ ನಡೆಯುವಾಗ ನನ್ನ ಕಾಲು ತಾನಾಗಿ ನಿಧಾನವಾಯಿತು. ನಮ್ಮ ವಠಾರ ಇದ್ದ ಕಡೆ ಈಗ ಮೂರು ಮಹಡಿಯ ಮಳಿಗೆಗಳಿವೆ. ನಲ್ಲಿ ಇದ್ದ ಜಾಗವನ್ನು ಗುರುತಿಸಲು ಆಗಲಿಲ್ಲ.

ಅಮ್ಮನ ತಟ್ಟೆಯ ವಿಷಯ ಇಲ್ಲಿ ಹೇಳಬೇಕು. ಕಾಯಿಲೆ ಇಂಥದ್ದೆಂದು ತಿಳಿದ ದಿನವೇ ಅಮ್ಮ ಮನೆಯಲ್ಲಿದ್ದ ನಾಲ್ಕು ಸ್ಟೀಲ್ ತಟ್ಟೆಗಳಲ್ಲಿ ಒಂದನ್ನು ಬೇರೆ ಮಾಡಿದಳು. ಗುರುತಿಗಾಗಿ ಅದರ ಅಂಚಿನಲ್ಲಿ ಮೊಳೆಯಿಂದ ಎರಡು ಗೀರು ಎಳೆದಳು. ಒಂದು ಗೀರು ಸಾಕಿತ್ತು. ಒಂದಾದರೆ ತಿಕ್ಕುವಾಗ ಬಿದ್ದ ಗೀರೆಂದು ಮಕ್ಕಳು ತಪ್ಪು ತಿಳಿದಾರು ಎಂದು ಎರಡು. ಊಟವಾದ ಮೇಲೆ ಅದನ್ನು ತಾನೇ ತೊಳೆದು, ಬಿಸಿನೀರು ಹೊಯ್ದು, ಉಳಿದ ಪಾತ್ರೆಗಳಿಂದ ದೂರ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಹದಿನೆಂಟು ತಿಂಗಳು ಔಷಧ ತೆಗೆದುಕೊಂಡಳು. ಮೊದಲ ತಿಂಗಳುಗಳಲ್ಲಿ ದಿನವೂ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಆಮೇಲೆ ಮಾತ್ರೆ. ಪೂರ್ತಿ ಗುಣವಾಯಿತು ಎಂದು ವೈದ್ಯರು ಹೇಳಿದರು. ಆದರೂ ಅಮ್ಮ ಆ ತಟ್ಟೆಯನ್ನು ಬಿಡಲಿಲ್ಲ. 2019ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತಮೂರು ವರ್ಷ, ಆ ಎರಡು ಗೀರಿನ ತಟ್ಟೆಯಲ್ಲಿಯೇ ಉಂಡಳು.

ಕ್ಷಯ ತಟ್ಟೆ ಲೋಟದಿಂದ ಹರಡುವುದಿಲ್ಲ. ಕೆಮ್ಮಿದಾಗ, ಮಾತಾಡಿದಾಗ ಗಾಳಿಗೆ ಸೇರುವ ಕಣ್ಣಿಗೆ ಕಾಣದ ಹನಿಗಳಿಂದ ಹರಡುತ್ತದೆ. ಬೇಕಾಗಿದ್ದದ್ದು ತೆರೆದ ಕಿಟಕಿ, ಬಾಯಿಗೆ ಅಡ್ಡ ಹಿಡಿದ ಬಟ್ಟೆ. ನಾವು ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದೆವು, ಕೆಮ್ಮು ಪಕ್ಕದ ಮನೆಗೆ ಕೇಳಿಸಬಾರದೆಂದು. ನಮಗೆ ಯಾರೂ ಹೇಳಲಿಲ್ಲ, ನಾವು ಯಾರನ್ನೂ ಕೇಳಲಿಲ್ಲ. ಪದವನ್ನೇ ಆಡದವರು ಪ್ರಶ್ನೆ ಕೇಳುವುದು ಹೇಗೆ?

ಇನ್ನೊಂದು ಸಂಗತಿಯನ್ನು ಈವರೆಗೆ ಯಾರಿಗೂ ಹೇಳಿಲ್ಲ. ವೈದ್ಯರು ಅಮ್ಮನಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, ಒಂದು ಮೊಟ್ಟೆ ಬರೆದಿದ್ದರು. ಮೊಟ್ಟೆ ನಮ್ಮ ಮನೆಯಲ್ಲಿ ಆಗುತ್ತಿರಲಿಲ್ಲ. ಹಾಲಿಗಾಗಿ ಅಪ್ಪ ಸಂಜೆ ಒಂದು ಮರದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದರು. ಹಾಲು ಬರುತ್ತಿತ್ತು. ಅಪ್ಪ ಹೊರಗೆ ಹೋದ ಮೇಲೆ ಅಮ್ಮ ಅದನ್ನು ಕಾಯಿಸಿ, ಸಕ್ಕರೆ ಬೆರೆಸಿ, ನನಗೂ ತಮ್ಮನಿಗೂ ಎರಡು ಲೋಟಕ್ಕೆ ಹಾಕುತ್ತಿದ್ದಳು. "ನನಗೆ ಹಾಲು ಸೇರುವುದಿಲ್ಲ" ಎನ್ನುತ್ತಿದ್ದಳು. ತಮ್ಮ ಆರು ವರ್ಷದವನು, ಅವನಿಗೆ ಏನು ತಿಳಿದೀತು? ನಾನು ಹತ್ತು ವರ್ಷದವಳು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿದೆ. ಹಾಲು ಸಿಹಿಯಾಗಿತ್ತು, ನನಗೆ ಹಸಿವಾಗುತ್ತಿತ್ತು.

ಇರ್ವಿನ್ ರಸ್ತೆಯ ತುದಿಗೆ ಬಂದರೆ ರೈಲು ನಿಲ್ದಾಣ ಹತ್ತಿರ. ತಿಂಗಳಿಗೊಮ್ಮೆ ತೂಕ ಬರೆದುಕೊಂಡು ಬನ್ನಿ ಎಂದು ಅಮ್ಮನಿಗೆ ಹೇಳಿದ್ದರು. ಅಪ್ಪ ನಮ್ಮೆಲ್ಲರನ್ನೂ ಕರೆದುಕೊಂಡು ರೈಲು ನಿಲ್ದಾಣಕ್ಕೆ ಬರುತ್ತಿದ್ದರು. ಅಲ್ಲಿ ಬಣ್ಣಬಣ್ಣದ ದೀಪ ತಿರುಗುವ ತೂಕದ ಯಂತ್ರವಿತ್ತು. ಅಮ್ಮ ಚಪ್ಪಲಿ ಬಿಟ್ಟು ಹತ್ತುತ್ತಿದ್ದಳು. ನಾಣ್ಯ ಹಾಕಿದರೆ ದಪ್ಪ ಕಾಗದದ ಪುಟ್ಟ ಚೀಟಿ ಬಂದು ಬೀಳುತ್ತಿತ್ತು: ಒಂದು ಬದಿಯಲ್ಲಿ ಸಿನಿಮಾ ನಟಿಯ ಚಿತ್ರ, ಇನ್ನೊಂದು ಬದಿಯಲ್ಲಿ ತೂಕ, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಭವಿಷ್ಯ. ಅಪ್ಪ ಭವಿಷ್ಯವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಪ್ರತಿ ಸಲವೂ ಅದು ಒಳ್ಳೆಯದೇ ಆಗಿರುತ್ತಿತ್ತು. ಎಷ್ಟೋ ವರ್ಷಗಳ ನಂತರ ಆ ಚೀಟಿಗಳು ಟ್ರಂಕಿನಲ್ಲಿ ಸಿಕ್ಕವು. ಚೀಟಿಯಲ್ಲಿದ್ದದ್ದು ಬೇರೆಯೇ ಮಾತುಗಳು. ತೂಕ ಮಾತ್ರ ಅಪ್ಪ ಹೇಳಿದ್ದೇ: 36, 36, 35, ಮತ್ತೆ 36. ಅಪ್ಪ ಆಗ ಕೇಳುತ್ತಿದ್ದರು, "ಇಷ್ಟು ಹಾಲು ಕುಡಿದರೂ ಯಾಕೆ ಏರುತ್ತಿಲ್ಲ?" ಅಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ನಾನು ತಿರುಗುವ ದೀಪ ನೋಡುತ್ತಿದ್ದೆ.

ನಿಲ್ದಾಣದ ಕಡೆಯಿಂದ ಮುಂದೆ ಸಾಗಿದರೆ ಚೆಲುವಾಂಬ ಮ್ಯಾನ್ಷನ್. ಅದರ ಎದುರಿನ ಮರಗಳ ನೆರಳಿನಲ್ಲಿ ನಮಗೆ ನೀರು, ಬೆಲ್ಲ ಕೊಟ್ಟರು. ಚಾಮರಾಜ ಒಡೆಯರ ಮೂರನೆಯ ಮಗಳು ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆ ಇದು. 1950ರಿಂದ ಇಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಿದೆ. ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಪ್ರೋಟೀನು ಸಿಗುವ ಪೌಷ್ಟಿಕ ಆಹಾರವನ್ನು ಇಲ್ಲಿನವರು ರೂಪಿಸಿದ್ದರು. ನಮ್ಮ ವಠಾರದಿಂದ ಇಲ್ಲಿಗೆ ಎಷ್ಟು ದೂರ? ಅರ್ಧ ಗಂಟೆಯ ನಡಿಗೆಯೂ ಇಲ್ಲ.

ಚೆಲುವಾಜಮ್ಮಣ್ಣಿಯವರ ಅಕ್ಕ, ಎರಡನೆಯ ರಾಜಕುಮಾರಿ, ಕೃಷ್ಣಾಜಮ್ಮಣ್ಣಿಯವರು. ಅವರಿಗಾಗಿ ಕಟ್ಟಿದ್ದು ನಜರ್‌ಬಾದಿನ ಕಾರಂಜಿ ಮ್ಯಾನ್ಷನ್. ಅವರು ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ಕೊಂಡೊಯ್ಯಿತು. ಅಕ್ಕನ ನೆನಪಿಗೆ ತಮ್ಮನಾದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1921ರಲ್ಲಿ, ಊರಾಚೆ ಕ್ಷಯರೋಗಿಗಳಿಗೆ ಒಂದು ಆಸ್ಪತ್ರೆ ಆರಂಭವಾಯಿತು. ಮೈಸೂರಿನವರು ಇಂದಿಗೂ ಪಿ.ಕೆ.ಟಿ.ಬಿ. ಎಂದು ಕರೆಯುವ, ಕೆ.ಆರ್.ಎಸ್. ರಸ್ತೆಯ ಆ ಸ್ಯಾನಟೋರಿಯಂನ ಕಡೆಗೇ ನಮ್ಮ ನಡಿಗೆ ಹೊರಟಿತ್ತು. ರಾಜಮನೆತನ ತನ್ನ ಮಗಳನ್ನು ಕೊಂದ ರೋಗದ ಹೆಸರಿನಲ್ಲೇ ಒಂದು ಆಸ್ಪತ್ರೆ ಮಾಡಿ, ಅದಕ್ಕೆ ಮಗಳ ಹೆಸರನ್ನೇ ಇಟ್ಟಿತು. ನಾನು ಇದನ್ನು ಬಹಳ ದೊಡ್ಡ ಧೈರ್ಯವೆಂದು ತಿಳಿಯುತ್ತೇನೆ. ಆ ಬೋರ್ಡಿನ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅಪ್ಪ ಮುಖ ತಿರುಗಿಸುತ್ತಿದ್ದರು.

ಸ್ಯಾನಟೋರಿಯಂ ಆರಂಭವಾದ ಕಾಲದಲ್ಲಿ ಕ್ಷಯಕ್ಕೆ ಔಷಧವೇ ಇರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಹೊಟ್ಟೆತುಂಬ ಊಟ: ಕೊಡಲು ಇದ್ದದ್ದು ಇಷ್ಟೇ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, ಹಿಂದೆಯೇ ಬೇರೆ ಔಷಧಗಳು ಬಂದವು. ಆಮೇಲೆ ನಮ್ಮ ಪಕ್ಕದ ಮದ್ರಾಸಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಇನ್ನೂರರಷ್ಟು ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಟೋರಿಯಂನಲ್ಲಿ ಇಟ್ಟು, ಉಳಿದರ್ಧ ಜನರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಔಷಧ ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿಯೂ ಇರಲಿಲ್ಲ. ಮನೆಯಲ್ಲಿದ್ದವರ ಊಟ ಕಳಪೆಯಾಗಿತ್ತು, ಆದರೂ ಔಷಧ ಕೆಲಸ ಮಾಡಿತ್ತು. ಇಡೀ ಜಗತ್ತಿನ ಕ್ಷಯ ಚಿಕಿತ್ಸೆ ಅಲ್ಲಿಂದ ಬದಲಾಯಿತು. ಲಕ್ಷಾಂತರ ಜನ ಊರುಬಿಟ್ಟು ಹೋಗಿ ಹಾಸಿಗೆಗಾಗಿ ಕಾಯುವುದು ತಪ್ಪಿತು. ಅಮ್ಮ ನಮ್ಮ ಜೊತೆಯಲ್ಲೇ ಇದ್ದು ಗುಣವಾದದ್ದು ಆ ಪರೀಕ್ಷೆಯ ಪುಣ್ಯದಿಂದ. ಅದಕ್ಕೆ ನಾನು ಋಣಿ.

ಆದರೆ ಹಾಸಿಗೆ ಬಿಡುವಾಗ ತಟ್ಟೆಯನ್ನೂ ಬಿಟ್ಟುಬಿಟ್ಟೆವು ಎಂದು ನನಗೆ ಅನ್ನಿಸುತ್ತದೆ. ಔಷಧವಿದ್ದರೆ ಸಾಕು ಎಂಬ ಮಾತು ನಿಂತಿತು. ಊಟ ರೋಗಿಯ ಮನೆಯ ಸ್ವಂತ ವಿಷಯವಾಯಿತು. ಅದು ಮತ್ತೆ ಲೆಕ್ಕಕ್ಕೆ ಬರಲು ದಶಕಗಳೇ ಹಿಡಿದವು. 2018ರ ಏಪ್ರಿಲ್‌ನಲ್ಲಿ ಸರ್ಕಾರ ನಿಕ್ಷಯ ಪೋಷಣ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡಲು ಶುರುಮಾಡಿತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. 2022ರಿಂದ ಸಾರ್ವಜನಿಕರೂ ನಿಕ್ಷಯ ಮಿತ್ರರಾಗಿ ದಿನಸಿ ಕೊಡಬಹುದು. ನಮ್ಮ ನಡಿಗೆಯ ಹಣ ಹೋದದ್ದೂ ಈ ದಾರಿಯಲ್ಲೇ.

ಇದಕ್ಕೆಲ್ಲ ಬಲವಾದ ಆಧಾರ ಕೊಟ್ಟವರಲ್ಲಿ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ದಂಪತಿ ಇದ್ದಾರೆ. ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಅವರ ತಂಡ ನಡೆಸಿದ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ರೋಗಿಗಳಿಗೆ ಔಷಧದ ಜೊತೆ ಪ್ರತಿ ತಿಂಗಳು ಅಕ್ಕಿ, ತೊಗರಿಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆಯಿತ್ತು. ಹತ್ತು ಸಾವಿರಕ್ಕೂ ಹೆಚ್ಚಿದ್ದ ಮನೆಮಂದಿಯನ್ನೂ ಗಮನಿಸಿದರು. ಮನೆಮಂದಿಗೂ ಅಕ್ಕಿ, ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು. ಲಸಿಕೆಯಿಂದ ನಿರೀಕ್ಷಿಸುವಂಥ ಫಲ ಅಕ್ಕಿ ಬೇಳೆಯಿಂದ.

ಈ ಅಧ್ಯಯನದ ಬಗ್ಗೆ ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಕಿಗಳಿಗಿಂತ ಹೆಚ್ಚಾಗಿ ಕಾಡಿದ್ದು ಆ ಎರಡನೆಯ ಭಾಗ, ಮನೆಮಂದಿಗೂ ಕೊಟ್ಟರು ಎಂಬುದು. ರೋಗಿಯೊಬ್ಬಳಿಗೇ ಹಾಲು ಬರೆದುಕೊಟ್ಟರೆ, ಹಸಿದ ಮಕ್ಕಳಿರುವ ಮನೆಯಲ್ಲಿ ಅದು ಅವಳ ಬಾಯಿಗೆ ಹೋಗುವುದಿಲ್ಲ. ಯಾವ ತಾಯಿ ಕುಡಿಯುತ್ತಾಳೆ? ಯಾರಾದರೂ 1986ರಲ್ಲಿ ನನಗೂ ತಮ್ಮನಿಗೂ ಎರಡು ಲೋಟ ಹಾಲು ಬೇರೆ ಕೊಟ್ಟಿದ್ದರೆ, ಅಮ್ಮನ ಹಾಲು ಅಮ್ಮನಿಗೇ ಉಳಿಯುತ್ತಿತ್ತು. ಹತ್ತು ವರ್ಷದ ಹುಡುಗಿಯ ಹಸಿವನ್ನು ನಾನು ಇಷ್ಟು ವರ್ಷ ತಪ್ಪೆಂದು ಹೊತ್ತಿದ್ದೆ.

ನಡಿಗೆ ಸೇರಲು ಒಪ್ಪಿದಾಗ ದಾದಿಯರ ಗುಂಪಿನವರನ್ನು ನಾನು ಕೇಳಿದ್ದು ಒಂದೇ ಮಾತು: ಚೀಲ ಎಷ್ಟು? "ಮನೆಗೆ ಎರಡು. ಒಂದು ರೋಗಿಗೆ, ಒಂದು ಮನೆಯವರಿಗೆ" ಎಂದರು. ಆಗ ಹೆಸರು ಬರೆಸಿದೆ.

ವೊಂಟಿಕೊಪ್ಪಲು ದಾಟುವಾಗ ಬಿಸಿಲು ಏರಿತ್ತು. ಸ್ಯಾನಟೋರಿಯಂಗೆ ಸ್ವಲ್ಪ ದೂರದ ಒಂದು ಸಭಾಂಗಣದಲ್ಲಿ ಮೊದಲ ತಿಂಗಳ ಚೀಲಗಳನ್ನು ಜೋಡಿಸಿದ್ದರು, ಬಿಳಿಯದು ರೋಗಿಗೆ, ನೀಲಿಯದು ಮನೆಯವರಿಗೆ. ಭಾಷಣ ಇರಲಿಲ್ಲ, ಫೋಟೊ ತೆಗೆಯುವುದನ್ನು ಮೊದಲೇ ಬೇಡವೆಂದಿದ್ದರು. ಎರಡೂ ನಿರ್ಧಾರ ನನಗೆ ಹಿಡಿಸಿದವು. ಕೊಡುವ ಮೇಜಿನಲ್ಲಿ ನನ್ನನ್ನು ಕೂರಿಸಿದರು.

ಏಳನೆಯದಾಗಿ ಬಂದಾಕೆಗೆ ಮೂವತ್ತು ವರ್ಷವಿರಬಹುದು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸೊಂಟದ ಪಕ್ಕ ಒಂದು ಹುಡುಗಿ. ಎರಡೂ ಚೀಲ ತೆರೆದು ನೋಡಿ, ಬಿಳಿ ಚೀಲದಿಂದ ಹಾಲಿನ ಪುಡಿಯ ಪೊಟ್ಟಣ ತೆಗೆದು ನೀಲಿ ಚೀಲಕ್ಕೆ ಹಾಕಿದಳು. ನನ್ನ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಹಿರಿಯ ದಾದಿ ಏನೂ ಅನ್ನದೆ ನೀಲಿ ಚೀಲದ ತಳಕ್ಕೆ ಕೈ ಹಾಕಿ, ಅಲ್ಲಿ ಮೊದಲೇ ಇದ್ದ ಪೊಟ್ಟಣವನ್ನು ಮೇಲೆತ್ತಿ ತೋರಿಸಿದರು. "ಮಗುವಿನದು ಇಲ್ಲಿದೆ ನೋಡಮ್ಮ. ಅದು ನಿನ್ನದು." ಆಕೆ ಎರಡು ಪೊಟ್ಟಣಗಳನ್ನೂ ಒಂದು ಗಳಿಗೆ ಎರಡು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ತನ್ನದನ್ನು ಬಿಳಿ ಚೀಲಕ್ಕೆ ಹಾಕಿ ಗಂಟು ಬಿಗಿದಳು.

ತೂಕದ ಯಂತ್ರ ಬಾಗಿಲ ಬಳಿ ಇತ್ತು. ಚಪ್ಪಲಿ ಬಿಟ್ಟು ಹತ್ತಿದಳು. ಹುಡುಗಿ ಬಗ್ಗಿ, ಹೊಳೆಯುವ ಅಂಕಿಯನ್ನು ತಾನೇ ಮೊದಲು ಓದಿದಳು, "ಮೂವತ್ತೇಳು." ದಾದಿ ಕಾರ್ಡಿನಲ್ಲಿ ಬರೆದುಕೊಂಡರು. "ಹದಿನೈದು ದಿನಕ್ಕೆ ಇನ್ನೊಂದು ಸಲ ಬಾ" ಎಂದರು. ನಾನು ಎಂಟನೆಯವರ ಚೀಲಗಳನ್ನು ಮೇಜಿಗೆ ಎತ್ತಿಟ್ಟೆ.